ಖಜಾಂಚಿಯ ಗೇಟು

(ಮುನಿರಾಬಾದಿನ ಚಾದಂಗಡಿ. ಮುಂದ ಮಂಡಾಳ ಒಗ್ಗರಣಿ, ಮಿರ್ಚಿ.)

ಸದಸ್ಯ: ಖಜಾಂಚಿ ಸಾಹೇಬ್ರ, ಕಾರ್ಮಿಕ ಸಂಘದ ಲೆಕ್ಕ ಹೇಳ್ರಲ್ಲ.

ಖಜಾಂಚಿ: ಕಾಕಾ, ಮೊದ್ಲ ಕನಿಷ್ಠ ಚಂದಾ ತಿಂಗಳಿಗೆ 25 ಪೈಸೆ. ಕಾರ್ಮಿಕ ಸಂಘಗಳ ಕಾಯ್ದೆಗೆ 2001ರ ತಿದ್ದುಪಡಿ ಬಂದು ವರ್ಷಕ್ಕ 12 ರೂಪಾಯಿ ಆತು.

ಸದಸ್ಯ: ನಾಕು ಪಟ್ಟು! ರೊಕ್ಕ ಎಲ್ಲೈತಿ?

ಖಜಾಂಚಿ: ಮೇ 1ಕ್ಕ ಹಾರ, ಶಾಮಿಯಾನ, ಮೈಕು. ಉಳಿದದ್ದು ಮುಖಂಡರ ಬೆಂಗಳೂರು ಓಡಾಟ.

ಸದಸ್ಯ: ಮುಷ್ಕರಕ್ಕ?

ಖಜಾಂಚಿ: ನಿಧಿ ಇಲ್ರಿ.

ಸದಸ್ಯ: ರಾಜಕೀಯಕ್ಕ ಬ್ಯಾರೆ ನಿಧಿ ಇಡಬೇಕಂತ ಆ 1926ರ ಕಾಯ್ದೆ ಹೇಳಿತ್ತಲ್ಲ?

ಖಜಾಂಚಿ: ಇಟ್ಟೀನ್ರಿ. ಅದು ಎಡಗಿಸೆ, ಇದು ಬಲಗಿಸೆ.

ಸದಸ್ಯ: 2024ರಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದ್ರ ವಾರದಾಗ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ರು. ನಿಮ್ಮ ಗೇಟಿಗೆ ಯಾರು ಇಳಿಸೋರು?

ಖಜಾಂಚಿ: ಅದಕ್ಕ ಸಮಿತಿ ಮಾಡೇವಲ್ರಿ! ಸಮಿತಿ ಖರ್ಚಿಗೆ ತಲಿಗೆ ನೂರು ರೂಪಾಯಿ, ತಗೀರಿ ಕಾಕಾ.