ಐದು ಮನೆಯ ಕೊಳಲು

“ಎಷ್ಟು ಮನೆ ಕೊಳಲು ಬೇಕು ಸಾರ್?” ಅಂಗಡಿಯವರು ಕೇಳಿದರು. “ನಮ್ಮ ಮನೆಗೆ ಒಂದು ಸಾಕು” ಎಂದೆ. ‘ಮನೆ’ ಎಂದರೆ ಶ್ರುತಿಯ ಲೆಕ್ಕ ಎಂದು ತಿಳಿದದ್ದು ಅವರು ನಕ್ಕ ಮೇಲೆ. ಕಡೆಗೆ ಐದು ಮನೆಯದೊಂದು ತಂದೆ. ಹೆಸರೇನೂ ಸುಳ್ಳಲ್ಲ. ಎಡಬಲದ ಎರಡು, ಮೇಲಿನದು, ಕೆಳಗಿನದು, ನಮ್ಮದು. ನಾನು ಊದಿದರೆ ಸರಿಯಾಗಿ ಐದು ಮನೆಗೆ ಕೇಳಿಸುತ್ತದೆ.

“ಯಾರ ಹತ್ತಿರವಾದರೂ ಪಾಠಕ್ಕೆ ಸೇರಿ” ಎಂದಳು ನನ್ನವಳು. ನಾನು ಕೊಳಲಿನ ಮಾಲಿಯವರನ್ನು ಅಡ್ಡ ತಂದೆ. ಮಾಲಿ, ಅಂದರೆ ಟಿ.ಆರ್. ಮಹಾಲಿಂಗಂ, ಕೊಳಲನ್ನು ಬರೀ ಕಿವಿಯಲ್ಲಿ ಕಲಿತವರು. 1933ರಲ್ಲಿ ಮೈಲಾಪುರದಲ್ಲಿ ಮೊದಲ ಕಚೇರಿ ಮಾಡಿದಾಗ ಅವರಿಗೆ 7 ವರ್ಷ. “ನಿಮಗೂ ಏಳೇ. ಹಿಂದೆ ಒಂದು ಐದು ಸೇರಿಸಿಕೊಳ್ಳಿ” ಎಂದು ಅವಳು ಸಾರಿಗೆ ಒಗ್ಗರಣೆ ಹಾಕಿದಳು.

ಹಳೆಯ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳಲು ಮೋಹನ ರಾಗ ಆರಿಸಿದೆ. ಸ ರಿ ಗ ಪ ಧ, ಐದೇ ಸ್ವರ. ಕೊಳಲಿಗೆ ಬೆರಳಿಡುವ ತೂತು ಎಂಟು. ಮೂರು ತೂತು ಉಳಿತಾಯ ಎಂದು ಲೆಕ್ಕ ಹಾಕಿದೆ. ಮೊದಲ ವಾರ ಬಂದದ್ದು ಬರೀ ಗಾಳಿ. ಅವಳು ಎರಡು ಸಲ ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ನೋಡಿದಳು.

ಎರಡು ಸೆಕೆಂಡು ಕೇಳುವುದು, ನಿಲ್ಲಿಸುವುದು, ಊದುವುದು, ಬರೆಯುವುದು. ಹಿಂದೆ ಟೇಪಿನ ವೇಗ ಅರ್ಧ ಮಾಡಿದರೆ ಶ್ರುತಿಯೂ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಈಗ ಮೊಬೈಲಿನಲ್ಲಿ ವೇಗ ಇಳಿದರೂ ಶ್ರುತಿ ಅಲ್ಲಾಡುವುದಿಲ್ಲ. ನಿಧಾನಿಸಿದರೆ ಇನ್ನೊಂದು ಪೇಚು: ನಾನು ಒಂದು ಸ್ವರವೆಂದು ಬರೆದುಕೊಂಡದ್ದರ ಹೊಟ್ಟೆಯಲ್ಲಿ ಮೂರಿದ್ದವು. ಮಗಳು ಹಾಳೆ ನೋಡಿ, “ಅಪ್ಪ, ಮೋಹನದಲ್ಲಿ ಮ ಎಲ್ಲಿಂದ ಬಂತು?” ಎಂದಳು. ದಾರಿ ತಪ್ಪಿದ ಗ ಅದು. ರಿ ಅಂತೂ ಒಂದು ದಿನವೂ ನಿಂತಲ್ಲಿ ನಿಲ್ಲಲಿಲ್ಲ.

ಆ ಶನಿವಾರ ದಿನಸಿ ಚೀಟಿಯೆಂದು ಅಂಗಡಿ ಹುಡುಗನ ಕೈಗೆ ಕೊಟ್ಟದ್ದು ಮೋಹನದ ಹಾಳೆ. ನಮ್ಮವಳು ಚೀಟಿಯಲ್ಲಿ ಬರೀ ಮೊದಲಕ್ಷರ ಬರೆಯುವುದು ಅವನಿಗೆ ಅಭ್ಯಾಸ. ಸ ಅಂದರೆ ಸಾಸಿವೆ, ಪ ಅಂದರೆ ಪಲಾವ್ ಎಲೆ, ಧ ಅಂದರೆ ಧನಿಯ ಎಂದು ಕಟ್ಟಿಟ್ಟ. ಗ ನಾಲ್ಕು ಕಡೆ ಇದ್ದದ್ದರಿಂದ ಗಸಗಸೆ ನಾಲ್ಕು ಪೊಟ್ಟಣ. “ರಿ ಅಂತ ಬರೆದಿದೀರ ಸಾರ್, ಅದು ನಮ್ಮಲ್ಲಿಲ್ಲ” ಎಂದ. ನಮ್ಮಲ್ಲೂ ಇಲ್ಲಪ್ಪ ಎಂದುಕೊಂಡು ಬಂದೆ.

ಗಸಗಸೆಯ ಬೆಲೆ ಬಲ್ಲವರಿಗೆ ಮುಂದಿನದು ಹೇಳಬೇಕಿಲ್ಲ. ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಆಗಷ್ಟೇ ಕೂತಿದ್ದೆ. ಅಡುಗೆಮನೆಯಲ್ಲಿ ಚೀಲ ಬಿಚ್ಚಿದ ಸದ್ದು, ಹಿಂದೆಯೇ “ರೀ...!”

ಬೆಚ್ಚಿಬಿದ್ದೆ, ಭಯಕ್ಕಲ್ಲ. ತಂಬೂರಿಯ ಷಡ್ಜದ ಮೇಲೆ ಆ ಕೂಗು ಗೂಟ ಹೊಡೆದಂತೆ ಕೂತಿತ್ತು. ಅಪ್ಪಟ ಚತುಶ್ರುತಿ ರಿಷಭ! 28 ವರ್ಷದಿಂದ ದಿನಕ್ಕೆ ಹತ್ತಾರು ಸಲ ಕಿವಿಗೆ ಬಿದ್ದ ಸ್ವರ. ನಾನು ಓಗೊಟ್ಟಿದ್ದೆನೇ ಹೊರತು ಕೇಳಿರಲಿಲ್ಲ. ಕೊಳಲೆತ್ತಿ ಊದಿದೆ. ರಿ ಮೊದಲ ಸಲ ನಿಂತಿತು.

“ಇನ್ನೊಂದು ಸಲ ಕರಿಯೇ!” ಎಂದೆ.

ಕರೆದಳು. ಈ ಸಲ ತಾರಸ್ಥಾಯಿಯಲ್ಲಿ.