ಕೇಳಿದಷ್ಟಕ್ಕೆ ಉತ್ತರ

ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವವರು ನಮ್ಮಲ್ಲಿ ಅಪರೂಪ. ಬಸ್ ಎಷ್ಟು ಗಂಟೆಗೆ ಎಂದರೆ, ಯಾವೂರು, ಯಾರ ಪೈಕಿ ಎಂದು ಶುರುವಾಗಿ ಮಗಳ ಮದುವೆಯವರೆಗೆ ಹೋಗುತ್ತದೆ. ಅಂತರ್ಜಾಲವೂ ನಮ್ಮ ಪೈಕಿಯೇ. ಒಂದು ಕಮಾಂಡ್ ಹುಡುಕಲು ಹೋದವನು ಚಪ್ಪಲಿ ಕೊಂಡು ವಾಪಸು ಬರುತ್ತಾನೆ.

ಅದಕ್ಕೇ ನನಗೆ ಲಿನಕ್ಸ್‌ನ ಕಪ್ಪು ಟರ್ಮಿನಲ್‌ನಲ್ಲಿರುವ 'ಮ್ಯಾನ್' ಕೈಪಿಡಿ ಇಷ್ಟ. ನೆಟ್ ಬೇಡ, ಲಾಗಿನ್ ಬೇಡ. ಕಮಾಂಡಿನ ಹೆಸರು ಹೇಳಿದರೆ ಸಾಕು. ಇದರ ಪೂರ್ವಜ ಯೂನಿಕ್ಸ್ ಕೈಪಿಡಿ. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅದನ್ನು ಹೊರತಂದದ್ದು 1971ರ ನವೆಂಬರ್‌ನಲ್ಲಿ. ತಮ್ಮ ಕಮಾಂಡುಗಳ ಹುಳುಕು ಬರೆಯಲು ಅವರು 'ಬಗ್ಸ್' ಎಂದೇ ಜಾಗ ಬಿಟ್ಟಿದ್ದರು. ವರನ ಜಾತಕದಲ್ಲೂ ಇಂಥದೊಂದು ಕಾಲಂ ಇದ್ದಿದ್ದರೆ!

ಮ್ಯಾನ್ ಪುಟಗಳಲ್ಲಿ ಒಂದೇ ಕಷ್ಟ, ತಾಳ್ಮೆ ಬೇಕು. ಅದಿಲ್ಲದವರಿಗೆ 2013ರಲ್ಲಿ 'ಟಿಎಲ್‌ಡಿಆರ್' ಎಂಬ ಚುಟುಕು ಕೈಪಿಡಿ ಶುರುವಾಯಿತು. ಅದು ವಿವರಣೆ ಬಿಟ್ಟು ಬರೀ ಉದಾಹರಣೆ ಬಡಿಸುತ್ತದೆ. ಒಮ್ಮೆ ಇಳಿಸಿಕೊಂಡರೆ ಅದಕ್ಕೂ ನೆಟ್ ಬೇಡ.

ಅಣ್ಣನ ಮಗಳು ಈಗ ಸೈಬರ್ ಸೆಕ್ಯುರಿಟಿ ಕಲಿಯುತ್ತಿದ್ದಾಳೆ. 1997ರಿಂದ ಇರುವ 'ಎನ್‌ಮ್ಯಾಪ್' ಅವಳಿಗೆ ಅಚ್ಚುಮೆಚ್ಚು. ಯಾವ ಕಂಪ್ಯೂಟರಿನಲ್ಲಿ ಯಾವ ಪೋರ್ಟ್ ತೆರೆದಿದೆ ಎಂದು ಅದು ಹೇಳುತ್ತದೆ.

"ಚಿಕ್ಕಪ್ಪ, ಪಕ್ಕದ್ಮನೆಯವರ ಮೇಲೆ ಓಡಿಸಿ ನೋಡ್ಲಾ?"

"ಅವರನ್ನ ಕೇಳಿದ್ಯಾ?"

"ಹೇಗೆ ಓಡಿಸೋದು ಅಂತ ಮ್ಯಾನ್‌ನಲ್ಲಿದೆಯಲ್ಲ."

ಹೇಗೆ ಎಂಬುದನ್ನು ಕೈಪಿಡಿ ಹೇಳುತ್ತದೆ. ಯಾರ ಮನೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ದುರುದ್ದೇಶದಿಂದ, ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದೆ. ಅವಳು ತೆಪ್ಪಗೆ 127.0.0.1 ಎಂದು ಟೈಪಿಸಿದಳು. ಅದು ಅವಳದೇ ಲ್ಯಾಪ್‌ಟಾಪಿನ ವಿಳಾಸ. ಯಾರಪ್ಪಣೆಯೂ ಬೇಡ, ನೆಟ್ಟೂ ಬೇಡ.

ಅವಳು ಬಳಸುವ ಕಾಲಿ ಲಿನಕ್ಸ್ ಜೊತೆಗೆ ಒಂದು ಪಾಸ್‌ವರ್ಡ್ ಪಟ್ಟಿಯೂ ಬರುತ್ತದೆ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ ಸೋರಿದ, 1.4 ಕೋಟಿಗೂ ಹೆಚ್ಚಿನ ಪಾಸ್‌ವರ್ಡುಗಳ ಪಟ್ಟಿ ಅದು. ನಿಮ್ಮದು ಅದರಲ್ಲಿದೆಯೇ ಎಂದು ಯಾವುದೋ ವೆಬ್‌ಸೈಟಿನಲ್ಲಿ ಕೇಳುವುದೆಂದರೆ, ಗುಟ್ಟನ್ನು ಊರಿಗೆ ಹೇಳಿ ಯಾರಿಗೂ ಗೊತ್ತಿಲ್ಲ ತಾನೆ ಎಂದಂತೆ. ಮನೆಯೊಳಗೇ 'ಗ್ರೆಪ್' ಎಂಬ ಕಮಾಂಡಿನಿಂದ ಹುಡುಕಿದರೆ ಕ್ಷೇಮ.

"ಅಪ್ಪಾ, ನಿನ್ನ ಪಾಸ್‌ವರ್ಡ್ ಹೇಳು, ಹುಡುಕ್ತೀನಿ."

"ಯಾರಿಗೂ ಹೇಳ್ಬಾರ್ದು ಅಂದವಳು ನೀನೇ ಅಲ್ವೇನೇ?"

ಅಣ್ಣ ಅವಳನ್ನು ಎಬ್ಬಿಸಿ ತಾನೇ ಕೂತು ಟೈಪಿಸಿದ. ಪಟ್ಟಿಯಲ್ಲಿತ್ತು! ಪರದೆ ಒರೆಸಿ ಗೆದ್ದವನಂತೆ ಎದ್ದ. ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಹಿಂದೆ ಟೈಪಿಸಿದ ಕಮಾಂಡು ಮತ್ತೆ ಮೂಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಅವನ ಬ್ಯಾಂಕು, ಇಮೇಲು ಎಲ್ಲವನ್ನೂ ಕಾದದ್ದು ಅತ್ತಿಗೆಯ ಹೆಸರೆಂದು ಹೀಗೆ ಮನೆಗೆಲ್ಲ ಗೊತ್ತಾಯಿತು. ಅಂದು ರಾತ್ರಿ ಊಟಕ್ಕೆ ಪಾಯಸವಿತ್ತು.