ಕುಂತಲ್ಲೇ ಒಗ್ಗರಣೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಯಾವ ಊರಲ್ಲಾದರೂ ಬಸ್ಸಿಳಿಯಿರಿ. ಹಬ್ಬದ ದಿನವಾಗಿದ್ದರೆ ಸಾಕು, ಪಡಸಾಲೆಯಲ್ಲೊಬ್ಬ ಯಜಮಾನ ಅಡಿಗೆ ಮಾಡುತ್ತಿರುತ್ತಾನೆ. ಒಲೆಗೂ ಅವನಿಗೂ ನಡುವೆ ಎರಡು ಗೋಡೆ, ಒಂದು ತೊಟ್ಟಿ, ಮೂವರು ಸೊಸೆಯರು. ಜನ್ಮದಲ್ಲಿ ಒಂದು ಈರುಳ್ಳಿ ಹೆಚ್ಚಿದವನಲ್ಲ. ಆದರೆ ಸಾಸಿವೆ ಸಿಡಿದ ಸದ್ದಿನ ಮೇಲೆ ಎಣ್ಣೆ ಕಾದಿದೆಯೋ ಇಲ್ಲವೋ ಹೇಳಬಲ್ಲ. ನಮ್ಮ ಮನೆಯಲ್ಲಿ ಆ ಹುದ್ದೆ ದೊಡ್ಡಪ್ಪನದಾಗಿತ್ತು.

ಹುದ್ದೆ ಎಂದಮೇಲೆ ಕುರ್ಚಿ ಬೇಕಲ್ಲ. ಅದೊಂದು ಈಜಿಚೇರು. ದೊಡ್ಡವ್ವನ ಬಾಯಲ್ಲಿ ಅದು 'ಈಚಲ್ ಚೇರು'. ಈಚಲ ಮರಕ್ಕೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ಹಿತ್ತಲ ಹಲಸಿನ ಮರ ಗಾಳಿಗೆ ಬಿದ್ದಾಗ ಊರ ಆಚಾರಿ ಮಾಡಿಕೊಟ್ಟದ್ದು. ನೀಲಿ ಪಟ್ಟೆಯ ದಪ್ಪ ಬಟ್ಟೆ, ಅಗಲವಾದ ಕೈಗಳು, ಹಿಂದೆ ಮೂರು ಕಚ್ಚು. ಮೊದಲ ಕಚ್ಚಿನಲ್ಲಿ ದೊಡ್ಡಪ್ಪ ನೆಟ್ಟಗೆ ಕೂತಿದ್ದರೆ ಅಡಿಗೆ ಇನ್ನೂ ಆಗಿಲ್ಲ, ಹೈಕಳು ಯಾರೂ ಹತ್ತಿರ ಸುಳಿಯಬಾರದು. ಎರಡನೆಯದಕ್ಕೆ ಇಳಿದಿದ್ದರೆ ಉಂಡಾಗಿದೆ, ಕೇಳಿದರೆ ನಾಕಾಣೆ ಬಿದ್ದರೂ ಬಿದ್ದೀತು. ಮೂರನೆಯ ಕಚ್ಚು ಹೊಸತೊಡಕಿನ ಮಧ್ಯಾಹ್ನಕ್ಕೆ ಮಾತ್ರ. ಆಗ ಮನೆಗೆ ಕಳ್ಳ ನುಗ್ಗಿದರೂ ದೊಡ್ಡಪ್ಪ ಏಳುತ್ತಿರಲಿಲ್ಲ. ಆಟ ಮುಗಿಸಿ ಒಳಗೆ ಬಂದೊಡನೆ ನಾವು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಕಚ್ಚನ್ನು.

ಯುಗಾದಿಯ ದಿನ ಒಬ್ಬಟ್ಟು. ಬೆಳಗ್ಗೆಯಿಂದಲೇ ಒರಳುಕಲ್ಲಿನ ಗುರುಗುರು. "ಹೂರಣ ಇನ್ನೂ ತರಿತರಿ ಅದೆ ಕಣಮ್ಮೀ, ಇನ್ನೊಂದೆರಡು ಸುತ್ತು ತಿರುಗ್ಸಿ" ಎಂದು ಪಡಸಾಲೆಯಿಂದ ಅಪ್ಪಣೆಯಾಗುತ್ತಿತ್ತು. ಅಷ್ಟು ಹೊತ್ತಿಗೆ ಹೂರಣ ತೆಗೆದು ಉಂಡೆಯೂ ಕಟ್ಟಿ ಆಗಿರುತ್ತಿತ್ತು. ದೊಡ್ಡವ್ವ ಕಣ್ಣು ಹೊಡೆದರೆ ಚಿಕ್ಕವ್ವ ಹೋಗಿ ಖಾಲಿ ಒರಳಿನಲ್ಲಿ ಗುಂಡನ್ನು ಎರಡು ಸುತ್ತು ತಿರುಗಿಸಿ ಬರುತ್ತಿದ್ದಳು. "ಹಾಂ, ಈಗ್ ನೋಡು, ಸರಿ ಹೋಯ್ತು" ಎನ್ನುತ್ತಿದ್ದ ದೊಡ್ಡಪ್ಪ.

ನಮ್ಮ ಕಡೆ ಯುಗಾದಿ ಪಂಚಾಂಗಕ್ಕೆ, ಹೊಸತೊಡಕು ಹೊಟ್ಟೆಗೆ. ಹತ್ತಿಪ್ಪತ್ತು ಮನೆಯವರು ವರ್ಷವಿಡೀ ಚೀಟಿ ಕಟ್ಟಿ, ಕುರಿ ಮೇಕೆ ಹಿಡಿದು, ಬೆಳಗಿನ ಜಾವವೇ ತೋಪಿನಲ್ಲಿ ಕೊಯ್ದು ಬಾಳೆಲೆಯ ಮೇಲೆ ಗುಡ್ಡೆ ಹಾಕುತ್ತಿದ್ದರು. ಎಷ್ಟು ಮನೆಯೋ ಅಷ್ಟು ಗುಡ್ಡೆ. ತೊಡೆ, ಪಕ್ಕೆ, ತಲೆ, ಬೋಟಿ ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ತಕ್ಕಡಿಯಿಲ್ಲ, ಕಣ್ಣಂದಾಜೇ ನ್ಯಾಯ. ಯಾರಿಗೆ ಯಾವ ಗುಡ್ಡೆ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸುವುದು; ಆರಿಸಿಕೊಳ್ಳುವ ಮಾತೇ ಇಲ್ಲ. ಆದರೂ ಕುಕ್ಕೆ ಹಿಡಿದು ಹೊರಟ ನನ್ನನ್ನು ಕುರ್ಚಿಯ ಮುಂದೆ ನಿಲ್ಲಿಸಿಕೊಂಡು ದೊಡ್ಡಪ್ಪ ಅರ್ಧ ಗಂಟೆ ಪಾಠ ಮಾಡುತ್ತಿದ್ದ. "ಮೂಲೆ ಗುಡ್ಡೆಗೆ ಕೈ ಹಾಕ್ಬ್ಯಾಡ ಕಣ್ಲಾ, ಮೂಳೆಯೆಲ್ಲ ಅಲ್ಲೇ ತುಂಬಿರ್ತಾರೆ. ನೆಳ್ಳಲ್ಲಿ ಇರೋದ್ ನೋಡು." ನಾನು ಹೂಂಗುಟ್ಟಿ ಹೋಗಿ, ಕಣ್ಣು ಮುಚ್ಚಿ ಚೀಟಿ ಎತ್ತಿ, ಬಂದದ್ದನ್ನು ತರುತ್ತಿದ್ದೆ. ಕುಕ್ಕೆಯೊಳಗೆ ಇಣುಕಿದ ದೊಡ್ಡಪ್ಪ, "ಹೇಳಿದ್ದಕ್ಕೆ ಆಯ್ತು ನೋಡು" ಎನ್ನುತ್ತಿದ್ದ.

ಸಾರು ಎಲೆಗೆ ಬಿದ್ದ ಮೇಲೆ ತೀರ್ಪು. ಬಂಡೂರು ನಮ್ಮ ಮಳವಳ್ಳಿ ತಾಲ್ಲೂಕಿನ ಊರೇ ಆದ್ದರಿಂದ ಅಲ್ಲಿಯ ಗಿಡ್ಡ ಕಾಲಿನ ಕುರಿಯ ಬಗ್ಗೆ ಇಲ್ಲಿ ಎಲ್ಲರೂ ಪಂಡಿತರೇ. ಮುದ್ದೆ ಮುರಿದು ಒಂದು ತುತ್ತು ನುಂಗಿದವನೇ ದೊಡ್ಡಪ್ಪ, "ಇದು ಬಂಡೂರಲ್ಲ. ಯಾರೋ ಟೋಪಿ ಹಾಕವ್ರೆ" ಎಂದು ಮುಖ ಕಿವುಚುತ್ತಿದ್ದ. ಎರಡನೆಯ ಸಲ ಬಡಿಸಿಕೊಂಡ ಮೇಲೆ ದನಿ ಇಳಿಯುತ್ತಿತ್ತು. ಮೂರನೆಯ ಸಲಕ್ಕೆ, "ತಾಯಿ ಬಂಡೂರಿರಬೇಕು" ಎನ್ನುವಲ್ಲಿಗೆ ಬರುತ್ತಿತ್ತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನವಾದಾಗ ಬಾಡೂಟ ಬೇಕೇ ಬೇಕು ಎಂದು ಗದ್ದಲವೆದ್ದದ್ದು ನಿಮಗೆ ನೆನಪಿರಬೇಕು. ದೊಡ್ಡಪ್ಪ ಬದುಕಿದ್ದಿದ್ದರೆ ಗೋಷ್ಠಿಗಳ ತಂಟೆಗೆ ಹೋಗುತ್ತಿರಲಿಲ್ಲ. ಅಡಿಗೆ ಪೆಂಡಾಲಿನಿಂದ ಇಪ್ಪತ್ತು ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಮೂರು ದಿನದ ಸಮ್ಮೇಳನವನ್ನು ಮೂರು ಕಚ್ಚಿನಲ್ಲಿ ಮುಗಿಸಿಬಿಡುತ್ತಿದ್ದ.

ಆದರೆ ಅವನ ಪ್ರತಿಭೆ ಪೂರ್ತಿ ಅರಳುತ್ತಿದ್ದದ್ದು ಪಿತೃಪಕ್ಷದಲ್ಲಿ. ಹಿರಿಯರಿಗೆ ಎಡೆ ಇಡುವಾಗ ಅವರವರ ಇಷ್ಟದ್ದನ್ನೇ ಇಡಬೇಕು, ಮತ್ತು ಯಾರಿಗೆ ಏನಿಷ್ಟವಿತ್ತು ಎಂಬುದು ಗೊತ್ತಿದ್ದದ್ದು ಮನೆಗೆ ಹಿರಿಯನಾದ ದೊಡ್ಡಪ್ಪನಿಗೆ ಮಾತ್ರ. ಹೀಗಾಗಿ ಸತ್ತವರ ನಾಲಿಗೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು. ನನಗೆ ಬುದ್ಧಿ ಬರುವಾಗ ತಾತನಿಗೆ ಇಷ್ಟವಿದ್ದದ್ದು ನಾಟಿಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದಕ್ಕೆ ಕೈಮ ಉಂಡೆ, ಬೋಟಿ ಗೊಜ್ಜು, ಕ್ರೀಮ್ ಬಿಸ್ಕತ್ತು ಸೇರಿದ್ದವು. ಒಂದು ವರ್ಷ ಮುತ್ತಾತನಿಗೆಂದು ಮದ್ದೂರು ವಡೆ ತರಿಸಿದ. "ಅಪ್ಪಯ್ಯನ ಅಪ್ಪಂಗೆ ಪ್ರಾಣ ಕಣ್ಲಾ ಅದು. ಸ್ಟೇಷನ್‌ಗೆ ಹೋಗಿ ತಿನ್ಕಬರೋರು."

ನಾನಾಗ ಹತ್ತನೇ ಕ್ಲಾಸು, ಲೆಕ್ಕಾಚಾರದ ವಯಸ್ಸು. ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಎನ್ನುವವರು ಆ ವಡೆ ಶುರು ಮಾಡಿದ್ದು 1917ರಲ್ಲಂತೆ. ರೈಲು ಬೇಗ ಬಂದುಬಿಟ್ಟಿತೆಂದು ಅವಸರಕ್ಕೆ ಹಿಟ್ಟನ್ನು ತಟ್ಟಿ ಕರಿದದ್ದೇ ಮುಂದೆ ಹೆಸರಾಯಿತು ಎನ್ನುತ್ತಾರೆ. ಮುತ್ತಾತ ಹೋದದ್ದು ಮೊದಲ ಪ್ಲೇಗಿನಲ್ಲೇ ಎಂದು ದೊಡ್ಡಪ್ಪನೇ ಹೇಳಿದ್ದ. ಮೈಸೂರು ಸೀಮೆಗೆ ಪ್ಲೇಗು ಬಂದದ್ದು 1898ರಲ್ಲಿ. "ಸತ್ ಎಷ್ಟೋ ವರ್ಷದ ಮೇಲೆ ಬಂದ ವಡೆ ಅವರು ಹ್ಯಾಗ್ ತಿಂದ್ರು ದೊಡ್ಡಪ್ಪ?" ಎಂದೆ. ಮೊದಲ ಕಚ್ಚಿನಲ್ಲಿ ಕೂತಿದ್ದ ದೊಡ್ಡಪ್ಪ ನನ್ನನ್ನು ಕರುಣೆಯಿಂದ ನೋಡಿದ. "ಟೈಮು ಇರೋದು ರೈಲ್ಗೆ ಕಣ್ಲಾ. ಸತ್ತೋರಿಗೆ ಎಂಥಾ ಟೈಮು?"

ಎಡೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗುಲಿಗೆ ಬರಬೇಕು. ಹಿರಿಯರು ಬಂದು ಉಂಡುಹೋಗಲೆಂದು. ಆ ಹೊತ್ತಿಗೆ ಸರಿಯಾಗಿ ದೊಡ್ಡಪ್ಪನಿಗೆ ಮಂಡಿನೋವು ಕಾಣಿಸಿಕೊಳ್ಳುತ್ತಿತ್ತು; ಕುರ್ಚಿ ಬಿಟ್ಟು ಏಳಲಾಗದೆ ಒಳಗೇ ಉಳಿಯುತ್ತಿದ್ದ. ನಾವು ಬೆಳಗ್ಗೆಯಿಂದ ಉಪವಾಸ, ಜಗುಲಿಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಒಳಗಿಂದ ಹಲಸಿನ ಮರದ 'ಕಿರ್ರ್' ಎಂಬ ಸದ್ದು.

"ಬಂದ್ರು" ಎನ್ನುತ್ತಿದ್ದಳು ದೊಡ್ಡವ್ವ, ಕೈಮುಗಿದು.

ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ 1933ರಲ್ಲೇ ತಾನೂ ಹುಟ್ಟಿದ್ದು ಎಂಬುದು ದೊಡ್ಡಪ್ಪನ ಹೆಮ್ಮೆ. ಅರವತ್ತು ದಾಟಿದ ಮೇಲೆ ಡಾಕ್ಟರು ಅವನ ರಕ್ತದಲ್ಲೂ ಅದನ್ನೇ ಕಂಡರು. ಒಬ್ಬಟ್ಟು ಬಂದ್ ಆಯಿತು. ಮುದ್ದೆಗೆ ಅಡ್ಡಿಯಿರಲಿಲ್ಲ, ಸಾರಿಗೆ ಅರ್ಧ ಅಡ್ಡಿ. ಆಗ ಶುರುವಾದದ್ದು ಕುರ್ಚಿಯ ಪಯಣ. "ವಾಸನೆಗೆ ಸಕ್ಕರೆ ಇಲ್ಲ ಕಣಮ್ಮೀ" ಎನ್ನುತ್ತಾ ಹಬ್ಬಕ್ಕೊಂದು ಗೇಣಿನಂತೆ ಅದನ್ನು ಅಡಿಗೆಮನೆಯ ಕಡೆಗೆ ಸರಿಸಿಸುತ್ತಾ ಬಂದ. ಪಡಸಾಲೆಯ ಕಂಬ ದಾಟಿತು, ತೊಟ್ಟಿಯ ಅಂಚು ಬಳಸಿತು, ಕೊನೆಗೊಂದು ಗೌರಿಹಬ್ಬಕ್ಕೆ ಅಡಿಗೆಮನೆಯ ಬಾಗಿಲಿಗೇ ಬಂತು. ಒಳಗೆ ಕಡುಬು ಬೇಯುತ್ತಿತ್ತು. ನಾವು ನಾಲ್ಕು ಜನ ಎತ್ತಿ ತೂರಿಸಲು ನೋಡಿದೆವು. ನೆಟ್ಟಗೆ ಹಿಡಿದರೂ ಆಗಲಿಲ್ಲ, ಓರೆ ಮಾಡಿದರೂ ಆಗಲಿಲ್ಲ. ಬಾಗಿಲಿಗಿಂತ ಕುರ್ಚಿ ಎರಡು ಬೆರಳು ಅಗಲ. "ಆ ಆಚಾರಿಗೆ ಅಳತೇನೇ ಬರ್ತಿರ್ಲಿಲ್ಲ, ಬಡ್ಡೆತ್ತದ್ದು" ಎಂದು ಬೈದು, ಹೊಸ್ತಿಲಾಚೆಯೇ ಕೂತ.

ದೊಡ್ಡಪ್ಪ ಹೋದ ವರ್ಷ ಪಿತೃಪಕ್ಷದ ಎಡೆಯನ್ನು ಆ ಕುರ್ಚಿಯ ಮುಂದೆಯೇ ಇಟ್ಟೆವು. ಒಬ್ಬಟ್ಟೂ ಇತ್ತು, ಇನ್ನು ಡಾಕ್ಟರ ಭಯವಿಲ್ಲವಲ್ಲ. ಬಾಗಿಲು ಮುಚ್ಚಿ ಜಗುಲಿಯಲ್ಲಿ ಕೂತಿದ್ದಾಗ ನಾನು ಆಚಾರಿಯ ಅಳತೆಯ ವಿಷಯ ತೆಗೆದೆ. ದೊಡ್ಡವ್ವ ಎಲೆಗೆ ಸುಣ್ಣ ಸವರುತ್ತಾ ನಕ್ಕಳು.

"ಅವ್ನಿಗೆ ಅಳ್ತೆ ಬರ್ದೆ ಏನ್ ಮೊಗ. ಮೊದ್ಲೆಲ್ಲ ನಿಮ್ ದೊಡ್ಡಪ್ಪ ಒಲೆ ಪಕ್ಕಕ್ಕೇ ಮಣೆ ಹಾಕ್ಕೊಂಡು ಕುಂತ್ಬುಡೋರು. ಬೇಯೋ ಎಸರಿಗೇ ಸೌಟು ಹಾಕೋರು. ತಡ್ಕಂಡೂ ತಡ್ಕಂಡೂ ಸಾಕಾಗಿ, ಡೇರಿಗೆ ಹಾಲ್ ಹಾಕಿದ್ ದುಡ್ನ ಆಚಾರಿ ಕೈಗೆ ಕೊಟ್ಟು, ಈ ಬಾಗ್ಲಲ್ಲಿ ತೂರದಂಥ ಒಂದು ಕುರ್ಚಿ ಮಾಡ್ಕೊಡಪ್ಪ ಅಂದೆ. ಅವ್ನು ಬಾಗ್ಲು ಅಳ್ತೆ ತಗಂಡೋಗೇ ಮಾಡಿದ್ದು."

ಕುರ್ಚಿ ಈಗ ಬೆಂಗಳೂರಿನಲ್ಲಿ ನನ್ನ ಹತ್ತಿರ ಇದೆ. ಹರಿದ ಬಟ್ಟೆ ತೆಗೆದು ಹೊಸದು ಹಾಕಿಸಿದ್ದೇನೆ, ನೀಲಿ ಪಟ್ಟೆಯದೇ. ನಮ್ಮ ಫ್ಲಾಟಿನ ಅಡಿಗೆಮನೆಗೆ ಬಾಗಿಲೇ ಇಲ್ಲ. ಹಾಲಿಗೂ ಅದಕ್ಕೂ ನಡುವೆ ಬರೀ ಒಂದು ಕಲ್ಲಿನ ಕಟ್ಟೆ. ಕಳೆದ ಯುಗಾದಿಗೆ ನಾನು ಆ ಕುರ್ಚಿಯಲ್ಲಿ ಕೂತು, ಒಬ್ಬಟ್ಟಿನ ಸಾರಿಗೆ ಇಂಗು ಸಾಲದು ಎಂದು ಒಂದೇ ಒಂದು ಮಾತು ಹೇಳಿದೆ. ಮಾರನೆಯ ದಿನ ಹೆಂಡತಿ ಅದನ್ನು ಬಾಲ್ಕನಿಗೆ ಹಾಕಿಸಿದಳು. ಗಾಳಿ ಬೆಳಕು ಚೆನ್ನಾಗಿದೆ, ಕಚ್ಚು ಮೂರೂ ಗಟ್ಟಿಯಾಗಿವೆ. ಬಾಗಿಲಿನ ಚಿಲಕ ಮಾತ್ರ ಒಳಗಡೆಗಿದೆ.